ಬಂಡೆಯ ಮೇಲಿನ ತೂತು

ಹಂಪಿ ಯಾರದು? ಮುಸ್ಲಿಮರನ್ನು ತಡೆದ ಹಿಂದೂ ಕೋಟೆ ಅಂತ 1900ರಲ್ಲಿ ರಾಬರ್ಟ್ ಸೆವೆಲ್ ಬರೆದ. ನಮಗೆಲ್ಲ ಅದೇ ಗಿಣಿಪಾಠವಾಯ್ತು. ಆದರೆ ಅದೇ ಊರಲ್ಲಿ 1439ರಲ್ಲಿ ಎರಡನೇ ದೇವರಾಯನ ಅಧಿಕಾರಿ ಅಹ್ಮದ್ ಖಾನ್ ಮಸೀದಿ ಕಟ್ಟಿಸಿದ. ಶಾಸನ ಅದನ್ನು ‘ಧರ್ಮಸಾಲೆ’ ಅನ್ನುತ್ತೆ. ರಾಯರು ತಮ್ಮನ್ನು ‘ಹಿಂದೂರಾಯ ಸುರತ್ರಾಣ’, ಅಂದರೆ ಹಿಂದೂ ರಾಜರಲ್ಲಿ ಸುಲ್ತಾನ, ಅಂತ ಕರಕೊಂಡರು. 1996ರಲ್ಲಿ ಫಿಲಿಪ್ ವ್ಯಾಗನರ್ ಈ ಬಿರುದು, ಆಸ್ಥಾನದ ಉಡುಪು ಹಿಡಿದೇ ಸೆವೆಲ್‌ನ ಕೋಟೆಯನ್ನು ಅಲುಗಾಡಿಸಿದರು. ಒಳ್ಳೇದೇ ಆಯ್ತು.

ಆದರೂ ಗೆಳೆಯರೇ, ಎರಡೂ ಕಡೆ ಅರಮನೆಯ ಮಾತೇ. ಹಂಪಿಯ ಬಂಡೆಗಳ ಮೇಲೆ ಸಾಲು ಸಾಲು ತೂತುಗಳಿವೆ, ಬೆಣೆ ಹೊಡೆದು ಕಲ್ಲು ಸೀಳಿದ ಗುರುತು. ಸುತ್ತಿಗೆ ಎತ್ತಿದ ಕೈ ಯಾವ ಕೇರಿಯದು? ಶಾಸನ ಬರೆಸಲು ಕಾಸಿಲ್ಲದವರು ಇತಿಹಾಸದಲ್ಲಿ ಇಲ್ಲವಾ ಅಂತ ಮಕ್ಕಳು ಕೇಳಿದರೆ, ಮೇಷ್ಟ್ರೇ, ಆ ತೂತುಗಳ ಹತ್ರ ಕರಕೊಂಡು ಹೋಗಿ. ಬೆರಳು ಇಟ್ಟು ನೋಡಲಿ.