ಹುಡುಕಿ ತಿಳಿದದ್ದು ಯಾವ ಪ್ರಮಾಣ?

ಬ್ಯಾಟಲ್‌ಟೆಕ್ ಅಮೆರಿಕದಲ್ಲಿ 1984ರಲ್ಲಿ ಹುಟ್ಟಿದ ಮೇಜಿನ ಯುದ್ಧದಾಟ. ಷಟ್ಕೋನ ಮನೆಗಳ ನಕ್ಷೆಯ ಮೇಲೆ, ಒಳಗೆ ಚಾಲಕ ಕುಳಿತು ನಡೆಸುವ ‘ಮೆಕ್’ ಎಂಬ ದೈತ್ಯಯಂತ್ರಗಳು ಕಾದಾಡುತ್ತವೆ. ಪ್ರತಿ ಯಂತ್ರದ ತೂಕ, ಕವಚ, ಆಯುಧಗಳೆಲ್ಲ ಪಟ್ಟಿಯಲ್ಲಿ ನಿಗದಿಯಾಗಿವೆ. ಎರಡು ಪಡೆಗಳನ್ನು ಸರಿತೂಗಿಸಲು ‘ಬ್ಯಾಟಲ್ ವ್ಯಾಲ್ಯೂ’ ಎಂಬ ಅಂಕಿಯಿದೆ: 100 ಟನ್‌ನ ಅಟ್ಲಾಸ್ ಎಎಸ್7-ಡಿ ಮಾದರಿಗೆ 1,897, 20 ಟನ್‌ನ ಲೋಕಸ್ಟ್ ಎಲ್‌ಸಿಟಿ-1ವಿ ಮಾದರಿಗೆ 432. ಮಾದರಿಗಳು ಸಾವಿರಾರು, ಅವನ್ನು ಒಂದೆಡೆ ಕೂಡಿಸಿದ ಅಧಿಕೃತ ಕೋಶದ ಹೆಸರು ಮಾಸ್ಟರ್ ಯೂನಿಟ್ ಲಿಸ್ಟ್. ಇಂಥ ಕೋಶಗಳನ್ನು ಆಟಗಾರರ ಪರವಾಗಿ ಎಐ ಏಜೆಂಟ್‌ಗಳೂ ಹುಡುಕಬಲ್ಲವು. ಏಜೆಂಟ್ ಹುಡುಕು ಸಾಧನವನ್ನು ಕರೆಯುತ್ತದೆ, ಬಂದ ಉತ್ತರವನ್ನು ಓದಿ ಪಡೆ ಕಟ್ಟಿಕೊಡುತ್ತದೆ. ಹಾಗೆ ಸಿಕ್ಕಿದ್ದು ಜ್ಞಾನವೇ, ಹೌದಾದರೆ ಯಾರ ಜ್ಞಾನ, ಯಾವ ಪ್ರಮಾಣದಿಂದ, ಅಂದರೆ ಸರಿಯಾದ ಅರಿವಿನ ಯಾವ ದಾರಿಯಿಂದ, ಬಂದದ್ದು ಎಂಬ ಪ್ರಶ್ನೆಗೆ ಭಾರತೀಯ ದರ್ಶನಗಳ ಪ್ರಮಾಣಚರ್ಚೆಯಲ್ಲಿ ಸಿದ್ಧ ಸಲಕರಣೆಗಳಿವೆ.

ಯಾರ ಜ್ಞಾನ ಎಂಬುದಕ್ಕೆ ನ್ಯಾಯದರ್ಶನದ ಉತ್ತರ ನೇರವಾಗಿದೆ. ಅದರ ಪ್ರಕಾರ ಜ್ಞಾನ ಆತ್ಮದ ಗುಣ; ಆತ್ಮವಿಲ್ಲದ ಯಂತ್ರ ಪ್ರಮಾತೃವಾಗದು. ಅರಿಯುವವನು ಆಟಗಾರ, ಏಜೆಂಟ್ ಅವನ ಅರಿವಿನ ಕರಣಗಳಲ್ಲಿ ಒಂದು. ಈ ನಿಲುವನ್ನು ಒಪ್ಪಿದರೆ ಯಂತ್ರಕ್ಕೆ ಪ್ರಜ್ಞೆಯುಂಟೇ ಎಂಬ ತೀರದ ವಾದ ಪಕ್ಕಕ್ಕೆ ಸರಿದು, ಕರಣದಲ್ಲಿ ದೋಷವಿದೆಯೇ ಎಂಬ ತೀರಿಸಬಲ್ಲ ಪ್ರಶ್ನೆ ಉಳಿಯುತ್ತದೆ. ಹೆಚ್ಚು ಫಲ ಕೊಡುವುದು ಈ ಎರಡನೆಯದೇ.

ಸಾಧನವಿಲ್ಲದ ಭಾಷಾ ಮಾದರಿ ತರಬೇತಿಯಲ್ಲಿ ಕಂಡ ಪಠ್ಯದ ಬಲದಿಂದಲೇ ಉತ್ತರಿಸುತ್ತದೆ. ಇದು ಸ್ಮೃತಿಗೆ ಹತ್ತಿರ. ನೈಯಾಯಿಕರು ಸ್ಮೃತಿಯನ್ನು ಪ್ರಮೆ, ಅಂದರೆ ಸರಿಯಾದ ಅರಿವು, ಎನ್ನುವುದಿಲ್ಲ. ಅವರಿಗೆ ಯಥಾರ್ಥವಾದ ಅನುಭವ ಮಾತ್ರ ಪ್ರಮೆ, ನೆನಪು ಹಳೆಯ ಅನುಭವದ ಸಂಸ್ಕಾರದಿಂದ ಏಳುವಂಥದು. ಮಾಧ್ವರು ಇದನ್ನು ಒಪ್ಪಲಿಲ್ಲ. ಉಡುಪಿಯ ಮಧ್ವಾಚಾರ್ಯರ ಪರಂಪರೆಯ ಜಯತೀರ್ಥರು ‘ಪ್ರಮಾಣಪದ್ಧತಿ’ಯಲ್ಲಿ ವಸ್ತು ಇದ್ದಂತೆ ತಿಳಿಸುವುದೇ ಪ್ರಮಾಣ ಎಂಬ ಲಕ್ಷಣವನ್ನು ಹಿಡಿದು, ನಿಜವಾದ ನೆನಪನ್ನೂ ಒಳಗೆ ಸೇರಿಸಿಕೊಳ್ಳುತ್ತಾರೆ. ಮನುಷ್ಯನ ನೆನಪಿನ ವಿಷಯದಲ್ಲಿ ಜಯತೀರ್ಥರ ಪಕ್ಷವೇ ಹೆಚ್ಚು ಉದಾರ, ಹೆಚ್ಚು ಸಮಂಜಸ. ಆದರೆ ಭಾಷಾ ಮಾದರಿಯ ‘ನೆನಪು’ ಬೇರೆ ಬಗೆಯದು. ಬ್ಯಾಟಲ್ ವ್ಯಾಲ್ಯೂ ಲೆಕ್ಕದ ಕ್ರಮ ಪರಿಷ್ಕೃತವಾಗಿದೆ. ಹಳೆಯ ಪುಸ್ತಕಗಳಲ್ಲಿ ಹಳೆಯ ಅಂಕಿಗಳೇ ಉಳಿದಿವೆ. ಎರಡನ್ನೂ ಓದಿದ ಮಾದರಿ ಯಾವುದನ್ನು ಎಲ್ಲಿ ಓದಿತೆಂಬ ಗುರುತು ಉಳಿಸಿಕೊಳ್ಳದೆ, ಎರಡರಲ್ಲೂ ಇಲ್ಲದ ಮೂರನೆಯ ಅಂಕಿಯನ್ನೂ ಅಷ್ಟೇ ನಿಸ್ಸಂಕೋಚವಾಗಿ ಹೇಳಬಹುದು. ಇಲ್ಲಿ ನ್ಯಾಯದ ಬಿಗಿಯೇ ಬೇಕಾಗುತ್ತದೆ.

ಸಾಧನ ಬಂದಾಗ ಪ್ರಮಾಣವೇ ಬದಲಾಗುತ್ತದೆ: ಸ್ಮೃತಿಯ ಜಾಗಕ್ಕೆ ಶಬ್ದ ಬರುತ್ತದೆ. ಶಬ್ದಪ್ರಮಾಣವೆಂದರೆ ಆಪ್ತನ ಮಾತು, ಅಂದರೆ ವಿಷಯವನ್ನು ಬಲ್ಲವನು ಇದ್ದದ್ದನ್ನು ಇದ್ದಂತೆ ಹೇಳಿದ ಮಾತು. ಬೌದ್ಧ ತಾರ್ಕಿಕ ದಿಙ್ನಾಗ ಶಬ್ದವನ್ನು ಬೇರೆ ಪ್ರಮಾಣವೆಂದು ಒಪ್ಪದೆ ಅನುಮಾನದಲ್ಲಿ ಅಡಗಿಸಿದ. ಆದರೆ ಅಟ್ಲಾಸ್‌ನಂಥ ವಸ್ತುವಿನಲ್ಲಿ ಶಬ್ದವನ್ನು ಹೀಗೆ ಕಿರಿದುಗೊಳಿಸುವುದು ಕಷ್ಟ. ಅದನ್ನು ಕಂಡವರಿಲ್ಲ, ತೂಗಿದವರಿಲ್ಲ. ನಿಯಮ ಬರೆದವರ ಮಾತು ಅದರ 100 ಟನ್ನನ್ನು ವರ್ಣಿಸುವುದಿಲ್ಲ, ವಿಧಿಸುತ್ತದೆ. ಧರ್ಮವನ್ನು ತಿಳಿಯಲು ವಿಧಿವಾಕ್ಯವಲ್ಲದೆ ಬೇರೆ ದಾರಿಯಿಲ್ಲ ಎಂದ ಮೀಮಾಂಸಕರ ವಾದಕ್ಕೂ ಇದಕ್ಕೂ ರಚನೆಯಲ್ಲಿ ಸಾಮ್ಯವಿದೆ. ಆದರೆ ಅವರಿಗೆ ವೇದ ಅಪೌರುಷೇಯ, ಆಟದ ನಿಯಮವಾದರೋ ಮನುಷ್ಯಕೃತ, ಹಾಗಾಗಿ ತಿದ್ದುಪಡಿಗೆ ಒಳಪಟ್ಟದ್ದು. ಇಲ್ಲಿ ಆಪ್ತರು ನಿಯಮ ಬರೆದವರೇ. ಆದ್ದರಿಂದ ಏಜೆಂಟ್ ಆಪ್ತನಲ್ಲ, ಹುಡುಕು ಸಾಧನವೂ ಆಪ್ತವಲ್ಲ. ಅವು ಆಪ್ತವಾಕ್ಯವನ್ನು ಸಾಗಿಸುವ ಕೊಂಡಿಗಳು. ಯಾವ ಆವೃತ್ತಿಯ ಪಟ್ಟಿಯಿಂದ ಈ ಅಂಕಿ ಬಂತೆಂದು ಕೊಂಡಿ ತಿಳಿಸದಿದ್ದರೆ, ಅಂಕಿ ಸರಿಯಿದ್ದರೂ ಅದು ಆಪ್ತನ ಮಾತೆಂದು ನಂಬಲು ಆಧಾರ ಇರುವುದಿಲ್ಲ.

ಹೆಸರಿನ ತೊಡಕು ಬೇರೆ. ಆಟದ ಕಥಾಲೋಕದಲ್ಲಿ ‘ಕ್ಲಾನ್’ ಪಡೆಗಳ 75 ಟನ್ ಯಂತ್ರವೊಂದು ಮೊದಲ ಬಾರಿ ಎದುರಾದಾಗ, ಗುರಿ ಹಿಡಿಯುವ ಕಂಪ್ಯೂಟರ್ ಅದನ್ನು ಒಮ್ಮೆ ಮರೋಡರ್, ಒಮ್ಮೆ ಕ್ಯಾಟಪಲ್ಟ್ ಎಂದು ಗುರುತಿಸಿ ತಡವರಿಸುತ್ತದೆ. ಆ ಎರಡರ ಸಂಕೇತಾಕ್ಷರಗಳು ಕೂಡಿ ಅದಕ್ಕೆ ಮ್ಯಾಡ್ ಕ್ಯಾಟ್ ಎಂಬ ಹೆಸರು ಬಿತ್ತು. ಅದನ್ನು ಕಟ್ಟಿದವರು ಕರೆಯುವುದು ಟಿಂಬರ್ ವುಲ್ಫ್ ಎಂದು. ಹಸುವಿನಂತಿರುವುದು ಗವಯ ಎಂದು ವನವಾಸಿಯಿಂದ ಕೇಳಿದವನು ಕಾಡಿನಲ್ಲಿ ಅದನ್ನು ಕಂಡು ಗುರುತಿಸುವುದು ನ್ಯಾಯದ ಉಪಮಾನ. ಇಲ್ಲಿ ಸಾದೃಶ್ಯವಿತ್ತು, ವನವಾಸಿಯ ಮಾತಿರಲಿಲ್ಲ; ಉಪಮಾನ ಅರ್ಧಕ್ಕೆ ನಿಂತಿತು.

ಒಂದು ಹೆಸರು ಕೊಟ್ಟು ಹುಡುಕಿದಾಗ ಏನೂ ಸಿಗದಿದ್ದರೆ, ಅಂಥ ಘಟಕವೇ ಇಲ್ಲವೆಂದು ಏಜೆಂಟ್ ಹೇಳಬಹುದೇ? ಈ ಇಡೀ ವಿಷಯದಲ್ಲಿ ಅತಿ ಸೂಕ್ಷ್ಮವಾದ ಜಾಗ ಇದು. ಕುಮಾರಿಲ ಭಟ್ಟರ ಅನುಯಾಯಿಗಳೂ ಅದ್ವೈತಿಗಳೂ ಅಭಾವವನ್ನು ತಿಳಿಸುವ ಅನುಪಲಬ್ಧಿಯನ್ನು ಆರನೆಯ ಪ್ರಮಾಣವೆಂದರು, ಆದರೆ ಯೋಗ್ಯತೆಯ ಷರತ್ತು ಹಾಕಿದರು. ಬೆಳಕಿರುವ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ. ಕತ್ತಲೆಯಲ್ಲಿ ಕಾಣದಿದ್ದರೆ ಏನೂ ಸಿದ್ಧವಾಗದು. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂತಿದ್ದಾಗ ಮಾತ್ರ ಕಾಣದಿರುವುದು ಪ್ರಮಾಣ. ಹುಡುಕಾಟದಲ್ಲಿ ಈ ಯೋಗ್ಯತೆ ಮೂರರ ಮೇಲೆ ನಿಂತಿದೆ: ಕೋಶ ಪೂರ್ಣವಾಗಿರಬೇಕು, ಪರ್ಯಾಯ ಹೆಸರುಗಳು ಒಂದೇ ಘಟಕಕ್ಕೆ ಜೋಡಣೆಯಾಗಿರಬೇಕು, ಅಕ್ಷರ ತಪ್ಪಿದರೂ ಸಮೀಪದ ಹೆಸರು ಸಿಗುವಂತಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಬರಿದಾದ ಫಲಿತಾಂಶದಿಂದ ಅಭಾವ ಸಿದ್ಧವಾಗುವುದಿಲ್ಲ. ಯಾವ ಪಟ್ಟಿಯಲ್ಲಿ, ಯಾವ ಹೆಸರುಗಳಿಂದ ಹುಡುಕಲಾಯಿತು ಎಂಬುದನ್ನು ಸಾಧನ ಉತ್ತರದ ಜತೆಗೇ ಕೊಟ್ಟಾಗ, ‘ಸಿಗಲಿಲ್ಲ’ ಎಂಬುದನ್ನು ‘ಇಲ್ಲ’ ಎಂದು ಓದಬಹುದೇ ಎಂಬುದನ್ನು ಆಟಗಾರ ತಾನೇ ನಿರ್ಣಯಿಸಬಲ್ಲ.