ಸೊನ್ನೆ ಕೊಡುವ ಹಕ್ಕು

ದಿನಸಿ ಅಂಗಡಿಯವನು ತೂಕದಲ್ಲಿ ಕಡಿಮೆ ಮಾಡಿದರೆ ಅದು ಮೋಸವೆಂದು ಎಲ್ಲರೂ ಒಪ್ಪುತ್ತಾರೆ. ಪವಿತ್ರ ಕುರ್‌ಆನಿನಲ್ಲಿ ಅಳತೆ ತೂಕದಲ್ಲಿ ವಂಚಿಸುವವರ ಹೆಸರಿನಲ್ಲೇ ಒಂದು ಅಧ್ಯಾಯವಿದೆ. ಆದರೆ ಒಬ್ಬರ ಹಾಡನ್ನೋ ಕಥೆಯನ್ನೋ ತೂಗಲು ಕುಳಿತವರ ತಕ್ಕಡಿಯನ್ನು ಪರೀಕ್ಷಿಸುವವರು ಯಾರು?

ನಮ್ಮನ್ನು ಈ ಪ್ರಶ್ನೆಗೆ ಎಳೆದು ತಂದದ್ದು ದೂರದ ಅಮೆರಿಕದ ಒಂದು ಸಂಗತಿ. ಅಲ್ಲಿ ದೊಡ್ಡ ಕಂಪೆನಿಗಳ ಹಂಗಿಲ್ಲದೆ, ಸಣ್ಣ ಸಂಸ್ಥೆಗಳ ಮೂಲಕವೋ ಸ್ವಂತ ದುಡ್ಡಿನಿಂದಲೋ ಹಾಡುಗಳನ್ನು ಹೊರತರುವ ರಾಕ್ ತಂಡಗಳಿವೆ. ಇವನ್ನು ಇಂಡಿ ತಂಡಗಳೆನ್ನುತ್ತಾರೆ. ಜಾಹೀರಾತಿಗೆ ಇವರ ಬಳಿ ಹಣವಿರುವುದಿಲ್ಲ. ಯಾರೋ ಒಬ್ಬರು ಮೊದಲು ಕೇಳಿ, ಮೆಚ್ಚಿ, ನಾಲ್ಕು ಜನರಿಗೆ ಹೇಳಬೇಕು. ಹಾಗಾಗಿ ಇಂಥ ತಂಡದ ಬಗ್ಗೆ ವಿಮರ್ಶಕ ಆಡುವ ಮಾತು ಬರೀ ಅಭಿಪ್ರಾಯವಲ್ಲ. ಇನ್ನೂ ಹಾಡು ಕೇಳದವರ ಮುಂದೆ ಅವನು ನುಡಿಯುವ ಸಾಕ್ಷಿ ಅದು.

1996ರಲ್ಲಿ ರಯಾನ್ ಶ್ರೈಬರ್ ಎಂಬ ಯುವಕ ಮಿನಿಯಾಪೊಲಿಸ್‌ನಲ್ಲಿ ಆರಂಭಿಸಿದ 'ಪಿಚ್‌ಫೋರ್ಕ್' ಎಂಬ ಅಂತರಜಾಲ ಪತ್ರಿಕೆ ಈ ಸಾಕ್ಷಿಯನ್ನು ಅಂಕಕ್ಕೆ ಇಳಿಸಿ ಹೆಸರಾಯಿತು. 0.0ಯಿಂದ 10.0ರವರೆಗೆ, ಅದೂ ದಶಮಾಂಶದಲ್ಲಿ! 2004ರ ಸೆಪ್ಟೆಂಬರಿನಲ್ಲಿ ಅದು ಮಾಂಟ್ರಿಯಲ್‌ನ ಆರ್ಕೇಡ್ ಫೈರ್ ತಂಡದ 'ಫ್ಯೂನರಲ್' ಎಂಬ ಮೊದಲ ಪೂರ್ಣ ಆಲ್ಬಮ್‌ಗೆ 9.7 ಕೊಟ್ಟಿತು. ಅಷ್ಟೇನೂ ಪರಿಚಿತವಲ್ಲದ ತಂಡ ದೇಶ ದೇಶಗಳಲ್ಲಿ ಮನೆಮಾತಾಯಿತು. ಅದೇ ತಿಂಗಳು ಟ್ರಾವಿಸ್ ಮಾರಿಸನ್ ಎಂಬ ಗಾಯಕ ಒಂಟಿಯಾಗಿ ಮಾಡಿದ ಮೊದಲ ಆಲ್ಬಮ್ 'ಟ್ರಾವಿಸ್ಟಾನ್'ಗೆ ಸಿಕ್ಕಿದ್ದು 0.0. ಮಾರಿಸನ್ ಮೊದಲು ಹಾಡುತ್ತಿದ್ದ ತಂಡವನ್ನು ಹೊಗಳಿದ್ದು ಇದೇ ಪತ್ರಿಕೆ. ಈಗ ಕೆಲವು ಕಾಲೇಜು ರೇಡಿಯೋ ಕೇಂದ್ರಗಳು ಅವರ ಹಾಡು ಹಾಕಲು ನಿರಾಕರಿಸಿದವು. ಒಂದು ಅಂಗಡಿಯಂತೂ ಮಾರಲೂ ಒಪ್ಪಲಿಲ್ಲ. ಆಲ್ಬಮ್ ಕೆಟ್ಟದ್ದಾಗಿತ್ತೆಂದೇ ಇಟ್ಟುಕೊಳ್ಳೋಣ. ಆದರೆ ಒಬ್ಬ ಮನುಷ್ಯ ತಿಂಗಳುಗಟ್ಟಲೆ ಮಾಡಿದ ಕೆಲಸದಲ್ಲಿ ಸೊನ್ನೆಗಿಂತ ಒಂದು ಗುಲಗಂಜಿಯಷ್ಟೂ ಹೆಚ್ಚಿನದು ಇರಲಿಲ್ಲ ಎನ್ನುವುದು ತೂಕವೋ, ತೂಗುವವನ ಠೀವಿಯೋ?

ಇಂಥ ಸಂಕಟವನ್ನು ನಮ್ಮ ವಿದ್ವಾಂಸರು ಶತಮಾನಗಳ ಹಿಂದೆಯೇ ಎದುರಿಸಿದ್ದರು. ಹದೀಸ್‌ಗಳನ್ನು ವರದಿ ಮಾಡಿದವರಲ್ಲಿ ಯಾರು ನಂಬಲರ್ಹರು, ಯಾರು ಅಲ್ಲ ಎಂದು ಪರಿಶೀಲಿಸುವ 'ಜರ್ಹ್ ವ ತಅ್‌ದೀಲ್' ಎಂಬ ಶಾಸ್ತ್ರವೇ ಬೆಳೆಯಿತು. ಹೀಗೆ ಒಬ್ಬರ ದೋಷವನ್ನು ಹೇಳುವುದು ಗೀಬತ್, ಅಂದರೆ ಪರನಿಂದೆ ಆಗುವುದಿಲ್ಲವೇ ಎಂಬ ಪ್ರಶ್ನೆ ಆಗಲೇ ಎದ್ದಿತ್ತು. ಜನರ ಹಿತಕ್ಕೆ ಅಗತ್ಯವಿದ್ದರೆ ಹೇಳಬಹುದು, ಅಗತ್ಯವಿದ್ದಷ್ಟನ್ನೇ ಹೇಳಬೇಕು ಎಂಬುದು ಅವರು ಕಂಡುಕೊಂಡ ಉತ್ತರ. ಕಾರಣ ಕೊಡದೆ ಮಾಡಿದ ಆಕ್ಷೇಪವನ್ನು ಅವರಲ್ಲಿ ಅನೇಕರು ಒಪ್ಪುತ್ತಿರಲಿಲ್ಲ. ಅಂಕವಾದರೋ ತನ್ನ ಕಾರಣವನ್ನು ಹಿಂದೆ ಬಿಟ್ಟು ಒಂದೇ ಓಟ ಓಡುತ್ತದೆ. ಆ ಅಂಗಡಿಯವರು ವಿಮರ್ಶೆಯನ್ನು ಪೂರ್ತಿ ಓದಿದ್ದರೇ?

ಅಗತ್ಯವೂ ಕಾಲದೊಂದಿಗೆ ಬದಲಾಗುತ್ತದೆ. ವಿದ್ಯಾರ್ಥಿಯೊಬ್ಬ ಕೈಖರ್ಚಿನ ಹಣ ಉಳಿಸಿ ಡಿಸ್ಕ್ ಕೊಳ್ಳುತ್ತಿದ್ದ ದಿನಗಳಲ್ಲಿ 'ಇದಕ್ಕೆ ದುಡ್ಡು ಸುರಿಯಬೇಡ' ಎಂದು ಎಚ್ಚರಿಸುವುದು ಉಪಕಾರವೇ ಆಗಿತ್ತು. ಈಗ ಮೊಬೈಲಿನಲ್ಲಿ ಬಿಡಿಗಾಸಿನ ಖರ್ಚಿಲ್ಲದೆ ಯಾರು ಬೇಕಾದರೂ ಕೇಳಿ ನೋಡಬಹುದು. ಚುಚ್ಚಿ ಬರೆಯುವವನ ಕೈಯಲ್ಲಿದ್ದ ದೊಡ್ಡ ನೆಪವೇ ಜಾರಿಹೋಗಿದೆ. ಇಂದು ಬೇಕಿರುವುದು ಹಾಡುಗಳ ಸಂತೆಯಲ್ಲಿ ಕಿವಿಗೆ ಬೀಳದೆ ಹೋಗುವ ಒಂದು ಒಳ್ಳೆಯ ದನಿಯನ್ನು ಹುಡುಕಿ ಕೊಡುವವರು.

ಬಿಬಿಸಿಯ ಜಾನ್ ಪೀಲ್ ಅಂಥವರಲ್ಲೊಬ್ಬರು. 1967ರಿಂದ 2004ರಲ್ಲಿ ತೀರಿಕೊಳ್ಳುವವರೆಗೂ ಅವರು ಹೆಸರಿಲ್ಲದ ತಂಡಗಳನ್ನು ರೇಡಿಯೋದಲ್ಲಿ ಕೇಳಿಸಿದರು. 1978ರಲ್ಲಿ ಉತ್ತರ ಐರ್ಲೆಂಡಿನ ಡೆರಿಯ ಹುಡುಗರ 'ದಿ ಅಂಡರ್‌ಟೋನ್ಸ್' ತಂಡದ ಒಂದು ಹಾಡು ಎಷ್ಟು ಹಿಡಿಸಿತೆಂದರೆ ಅದನ್ನು ಒಂದರ ಹಿಂದೊಂದರಂತೆ ಎರಡು ಬಾರಿ ಹಾಕಿದರು. ಕೆಲವೊಮ್ಮೆ ರೆಕಾರ್ಡನ್ನು ತಪ್ಪು ವೇಗದಲ್ಲಿ ತಿರುಗಿಸಿ ನಗೆಪಾಟಲಾಗುತ್ತಿದ್ದರು. ಹಿಡಿಸದ್ದನ್ನು ಹಾಕದೆ ಬಿಡಬಹುದಾಗಿದ್ದ ಸ್ವಾತಂತ್ರ್ಯ ಅವರದು. ವಿಮರ್ಶಕನಿಗೆ ಅಷ್ಟು ಸುಲಭದ ದಾರಿಯಿಲ್ಲ ನಿಜ. ಎಲ್ಲವನ್ನೂ ಹೊಗಳುತ್ತಾ ಹೋದರೆ ಅದೂ ಕಳ್ಳತೂಕವೇ. ಮುಶಾಯಿರಾದಲ್ಲಿ ಶೇರ್ ಮುಗಿಯುವ ಮೊದಲೇ 'ವಾಹ್ ವಾಹ್' ಅನ್ನುವವರನ್ನೂ ಪುಸ್ತಕ ಬಿಡಿಸದೆಯೇ ಮುನ್ನುಡಿ ಬರೆದುಕೊಡುವವರನ್ನೂ ನಾವು ಸಾಕಷ್ಟು ಕಂಡಿದ್ದೇವೆ.

ದೊಡ್ಡವರನ್ನು ಹೊಡೆಯುವುದು ಬೇರೆ ಎಂಬ ವಾದವೂ ಇದೆ. ಇಂಡಿ ವಲಯದಿಂದ ಬಂದ ಗಾಯಕಿ ಲಿಜ್ ಫೇರ್ ದೊಡ್ಡ ಕಂಪೆನಿಯಿಂದ 2003ರಲ್ಲಿ ಹೊರತಂದ ಆಲ್ಬಮ್‌ಗೂ ಪಿಚ್‌ಫೋರ್ಕ್ 0.0 ಕೊಟ್ಟಿತ್ತು. ಅದನ್ನು ಬರೆದ ವಿಮರ್ಶಕ 2019ರಲ್ಲಿ ಆಕೆಯ ಕ್ಷಮೆ ಕೇಳಿದರು. 2021ರಲ್ಲಿ ಪತ್ರಿಕೆ ತನ್ನ ಹಳೆಯ ಕೆಲವು ಅಂಕಗಳನ್ನು ತಿದ್ದಿ, ಆಕೆಯದನ್ನು 6.0ಕ್ಕೆ ಏರಿಸಿತು. ಮನುಷ್ಯನಿಗೆ ಮಾಡಿದ ಅನ್ಯಾಯಕ್ಕೆ ಅಲ್ಲಾಹನ ಬಳಿ ತೌಬಾ ಮಾಡಿದರಷ್ಟೇ ಸಾಲದು, ಆ ಮನುಷ್ಯನ ಬಳಿಯೇ ಹೋಗಬೇಕು ಎಂದು ಕೇಳಿ ಬೆಳೆದ ನಮಗೆ ಪತ್ರಿಕೆಯ ಆರು ಅಂಕಕ್ಕಿಂತ ಆ ವಿಮರ್ಶಕನ ಕ್ಷಮಾಯಾಚನೆಯೇ ಹೆಚ್ಚು ತೂಗುತ್ತದೆ.

2024ರಲ್ಲಿ ಪಿಚ್‌ಫೋರ್ಕನ್ನು ಅದರ ಮಾಲೀಕ ಸಂಸ್ಥೆ ಇನ್ನೊಂದು ಪತ್ರಿಕೆಯ ಅಡಿಗೆ ಸೇರಿಸಿ, ಅನೇಕರನ್ನು ಕೆಲಸದಿಂದ ತೆಗೆಯಿತು. ಮಾರಿಸನ್ 2007ರಲ್ಲಿ ಮತ್ತೊಂದು ಆಲ್ಬಮ್ ಮಾಡಿದರು, 2013ರಲ್ಲಿ ಹಳೆಯ ತಂಡದೊಂದಿಗೆ ಇನ್ನೊಂದು. ಆದರೂ 'ಟ್ರಾವಿಸ್ಟಾನ್' ಎಂಬ ಹೆಸರು ಬಂದಲ್ಲೆಲ್ಲ ಆ ಸೊನ್ನೆ ಹಿಂಬಾಲಿಸಿ ಬರುತ್ತದೆ, ಈ ಬರಹದೊಳಕ್ಕೂ ಬಂದ ಹಾಗೆ.