ಜಾಡಿಯ ಮೇಲಿನ ಚೀಟಿ

ದಾವಣಗೆರೆಗೆ ವೈದ್ಯಕೀಯ ಕಾಲೇಜು ಬಂದದ್ದು 1965ರಲ್ಲಿ. ಜಗದ್ಗುರು ಜಯದೇವ ಮುರುಘರಾಜೇಂದ್ರ ಎಂಬ ಉದ್ದ ಹೆಸರನ್ನು ಜನ ಜೆಜೆಎಂ ಎಂದು ಮೊಟಕು ಮಾಡಿಕೊಂಡು ಅರ್ಧ ಶತಮಾನ ದಾಟಿತು. ಹತ್ತಿ ಗಿರಣಿಗಳ ಊರು ಒಂದೊಂದೇ ಗಿರಣಿ ಕಳೆದುಕೊಳ್ಳುತ್ತ ಕಾಲೇಜುಗಳ ಊರಾಯಿತು. ಸೀಟು, ಫೀಸು, ರ‍್ಯಾಂಕಿನ ಲೆಕ್ಕ ಇಲ್ಲಿನ ಕಿರಾಣಿ ಅಂಗಡಿಯವರಿಗೂ ಬಾಯಿಪಾಠ. ಆದರೆ ವೈದ್ಯಕೀಯ ಕಾಲೇಜು ಎಂದ ಮೇಲೆ ಅದರೊಳಗೆ ಅಂಗರಚನೆಯದೊಂದು, ರೋಗಶಾಸ್ತ್ರದ್ದೊಂದು ಮ್ಯೂಸಿಯಂ ಇರಲೇಬೇಕು. ಆ ಕೋಣೆಯನ್ನು ಕಣ್ಣಾರೆ ಕಂಡವರು ಊರಿನಲ್ಲಿ ಕಡಿಮೆ.

ಅಂಥದೊಂದು ಕೋಣೆಯನ್ನು ನಾನು ನೋಡಿದ್ದು ಸಾರ್ವಜನಿಕರಿಗಾಗಿ ಬಾಗಿಲು ತೆರೆದಿದ್ದ ಒಂದು ಪ್ರದರ್ಶನದ ದಿನ. ಹರಿಹರದವರಿಗೆ ದಾವಣಗೆರೆ ಎಂದರೆ 14 ಕಿಲೋಮೀಟರ್ ದೂರದ ಪೇಟೆ. ಬಟ್ಟೆ ತರಬೇಕು, ಬೆಣ್ಣೆ ದೋಸೆ ತಿನ್ನಬೇಕು, ಹೊತ್ತು ಮುಳುಗುವುದರೊಳಗೆ ಮನೆ ಸೇರಬೇಕು. ಜೊತೆಗೆ ದೊಡ್ಡಮ್ಮ ಇದ್ದರು. ಕಾಲೇಜಿನ ಗೇಟಿಗೆ ಕಟ್ಟಿದ್ದ ಬ್ಯಾನರ್ ನೋಡಿ, ‘ಪುಕ್ಕಟೆ ಐತಂತಲ್ಲ, ನೋಡ್ಕೊಂಡ್ ಹೋಗಾಣ ನಡಿ’ ಎಂದವರು ಅವರೇ.

ಬಾಗಿಲಲ್ಲೇ ಕಣ್ಣು ಉರಿಯುತ್ತದೆ. ಫಾರ್ಮಲಿನ್. ಇದು ದೇಹದ ಊತಕವನ್ನು ಕೆಡದಂತೆ ಹಿಡಿದಿಡುತ್ತದೆಂದು ಜರ್ಮನಿಯ ಫರ್ಡಿನಾಂಡ್ ಬ್ಲಮ್ ತೋರಿಸಿಕೊಟ್ಟದ್ದು 1893ರಲ್ಲಿ. ಪ್ರೋಟೀನುಗಳನ್ನು ಒಂದಕ್ಕೊಂದು ಬಿಗಿದು ಕಟ್ಟಿ ಕೊಳೆಯುವ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ. ಜೊತೆಗೆ ಬಣ್ಣವನ್ನೂ ತೆಗೆದುಬಿಡುತ್ತದೆ. ಹಾಗಾಗಿ ಆ ಕೋಣೆಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಒಂದೇ ಮಾಸಲು ಬಣ್ಣ; ಐವತ್ತು ವರ್ಷದ ಹಿಂದೆ ಜಾಡಿ ಸೇರಿದ್ದು ಯಾವುದು, ಹೋದ ವರ್ಷದ್ದು ಯಾವುದು ಎಂದು ನೋಡಿ ಹೇಳಲಾಗದು.

ಹೊಗೆ ಕುಡಿದು ಕಪ್ಪಾದ ಶ್ವಾಸಕೋಶ, ಹರಳು ತುಂಬಿದ ಪಿತ್ತಕೋಶ, ಊದಿದ ಯಕೃತ್ತು. ಇವುಗಳ ಮುಂದೆ ಜನ ಬೇಗ ಬೇಗ ಸಾಗುತ್ತಿದ್ದರು. ಎಲ್ಲರೂ ನಿಂತದ್ದು ಕೊನೆಯ ಕಪಾಟಿನ ಮುಂದೆ, ಹುಟ್ಟುವಾಗಲೇ ಬೇರೆಯಾಗಿದ್ದ ಕೂಸುಗಳ ಮುಂದೆ. ಒಂದು ಜಾಡಿಯಲ್ಲಿ ಹುಬ್ಬಿನಿಂದ ಮೇಲೆ ತಲೆಯೇ ಇಲ್ಲದ ಮಗು. ಬಿಳಿ ಕೋಟಿನ ವಿದ್ಯಾರ್ಥಿನಿ ಉತ್ಸಾಹದಿಂದಲೇ ವಿವರಿಸುತ್ತಿದ್ದಳು: ‘ಇದಕ್ಕೆ ಬ್ರೈನ್ ಫಾರ್ಮ್ ಆಗಿಲ್ಲ ಅಜ್ಜಿ, ಅನೆನ್‌ಕೆಫಲಿ ಅಂತಾರೆ.’ ದೊಡ್ಡಮ್ಮ ಕೇಳಿಸಿಕೊಂಡು, ‘ಇದರ ತಾಯಿ ಯಾವೂರಾಕಿ ಯವ್ವಾ? ಆಮ್ಯಾಲೆ ಆಕಿಗೆ ಮಕ್ಕಳಾದುವಾ?’ ಎಂದರು. ಹುಡುಗಿ ಜಾಡಿಯ ಮೇಲಿನ ಚೀಟಿ ನೋಡಿದಳು. ಅಲ್ಲಿದ್ದದ್ದು ಒಂದು ಸಂಖ್ಯೆ, ಇಂಗ್ಲಿಷಿನಲ್ಲಿ ಒಂದು ರೋಗದ ಹೆಸರು.

ನಮ್ಮ ಕಡೆ ಇಂಥ ನೋಟ ಹೊಸದೇನಲ್ಲ. ಜಾತ್ರೆಯಲ್ಲಿ ಟೆಂಟ್ ಹಾಕಿ ಎರಡು ತಲೆಯ ಕರು, ಸರ್ಪಕನ್ಯೆ ಎಂದು ಮೈಕಿನಲ್ಲಿ ಕೂಗಿ ಕರೆಯುತ್ತಿದ್ದುದನ್ನು ಕೇಳಿಯೇ ನನ್ನ ವಯಸ್ಸಿನವರು ಬೆಳೆದದ್ದು. ಟಿಕೆಟ್ ಕೊಂಡು ಒಳಗೆ ಹೋದವರಿಗೆ ಬೇಕಿದ್ದದ್ದು ಒಂದೇ: ‘ಸದ್ಯ, ನಾನು ಹಾಗಿಲ್ಲ’ ಎಂಬ ನೆಮ್ಮದಿ. ಪ್ರದರ್ಶನದ ಆ ಕಪಾಟಿನ ಮುಂದೆ ಮೊಬೈಲ್ ಎತ್ತಿ ಹಿಡಿದವರ ಮುಖದಲ್ಲೂ ಅದೇ ಇತ್ತು. ನನ್ನ ಮುಖದಲ್ಲಿ ಇರಲಿಲ್ಲವೆಂದು ಹೇಗೆ ಹೇಳಲಿ?

ಎದೆಗೆ ಎದೆ ಅಂಟಿ ಹುಟ್ಟಿದ ಅವಳಿ ಕೂಸುಗಳ ಜಾಡಿಯ ಮುಂದೆ ಮಾತ್ರ ದೊಡ್ಡಮ್ಮ ಕೈ ಮುಗಿದರು. ಹರಿಹರದವರಿಗೆ ಇದು ಆಶ್ಚರ್ಯವಲ್ಲ. ನಮ್ಮ ಹರಿಹರೇಶ್ವರನದು ಬಲಕ್ಕೆ ಶಿವ, ಎಡಕ್ಕೆ ವಿಷ್ಣು ಸೇರಿದ ಒಂದೇ ಮೈ. ಹರಿಯಿಂದಲೂ ಸಾಯಬಾರದು, ಹರನಿಂದಲೂ ಸಾಯಬಾರದು ಎಂದು ವರ ಪಡೆದ ಗುಹಾಸುರನನ್ನು ಮುಗಿಸಲು ಇಬ್ಬರೂ ಕೂಡಿಕೊಂಡರಂತೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಆ ಗುಡಿಯಲ್ಲಿ ಚಿಕ್ಕಂದಿನಿಂದ ಕೈ ಮುಗಿದವರಿಗೆ, ಎರಡು ಜೀವ ಒಂದು ಮೈಯಲ್ಲಿರುವುದು ಮೊದಲು ದೇವರಾಗಿಯೇ ಕಾಣುತ್ತದೆ. ವಿಜ್ಞಾನ ಹೇಳುವುದು ಬೇರೆ. ಒಂದೇ ಅಂಡದಿಂದಾದ ಭ್ರೂಣ ಎರಡಾಗಿ ಸೀಳುವುದು ತಡವಾಗಿ, ಸುಮಾರು 13ನೇ ದಿನ ಕಳೆದ ಮೇಲೆ ಶುರುವಾದರೆ, ಸೀಳು ಪೂರ್ತಿಯಾಗುವುದಿಲ್ಲ. ಮಕ್ಕಳು ಅಂಟಿಕೊಂಡೇ ಉಳಿಯುತ್ತವೆ.

ಕೈ ಮುಗಿಯುವುದು ಟಿಕೆಟ್ ಕೊಳ್ಳುವುದಕ್ಕಿಂತ ಮೇಲು ಎಂದು ಬಹಳ ಕಾಲ ನಾನೂ ಅಂದುಕೊಂಡಿದ್ದೆ. ಈಗ ಅಷ್ಟು ಖಚಿತವಿಲ್ಲ. 2007ರಲ್ಲಿ ಬಿಹಾರದ ಎರಡು ವರ್ಷದ ಹುಡುಗಿಯೊಬ್ಬಳನ್ನು ಬೆಂಗಳೂರಿನ ಸ್ಪರ್ಶ್ ಆಸ್ಪತ್ರೆಗೆ ಕರೆತಂದದ್ದು ಅನೇಕರಿಗೆ ನೆನಪಿರಬಹುದು. ಪೂರ್ತಿ ಬೆಳೆಯದ ಅವಳಿಯೊಂದು ಅವಳ ಸೊಂಟಕ್ಕೆ ಅಂಟಿಕೊಂಡು ನಾಲ್ಕು ಕೈ, ನಾಲ್ಕು ಕಾಲು. ಊರಿನವರು ಅವಳನ್ನು ದೇವಿಯೆಂದು ಪೂಜಿಸುತ್ತಿದ್ದರು. ಸರ್ಕಸ್ಸಿನವರು ಕೊಳ್ಳಲು ಬಂದಿದ್ದರೆಂದು ಪತ್ರಿಕೆಗಳು ಬರೆದವು. ಡಾ. ಶರಣ್ ಪಾಟೀಲರ ನೇತೃತ್ವದಲ್ಲಿ ಮೂವತ್ತಕ್ಕೂ ಹೆಚ್ಚು ವೈದ್ಯರು ಸುಮಾರು 27 ಗಂಟೆ ಶಸ್ತ್ರಚಿಕಿತ್ಸೆ ಮಾಡಿದರು. ಭಕ್ತಿಯೂ ಬೆರಗೂ ಕೊಡಲಾಗದ್ದನ್ನು, ಎದ್ದು ನಿಂತು ನಡೆಯುವ ಸಾಧ್ಯತೆಯನ್ನು, ಆ 27 ಗಂಟೆ ಅವಳಿಗೆ ಕೊಟ್ಟಿತು. ಹುಡುಗಿಯನ್ನು ದೇವಿಯೆಂದು ಬಗೆದವರೂ ಸರ್ಕಸ್ಸಿನ ಸರಕೆಂದು ಬಗೆದವರೂ ಅವಳನ್ನು ಹುಡುಗಿಯೆಂದು ನೋಡಿರಲಿಲ್ಲ.

ಜಾಡಿಯಲ್ಲಿರುವವರನ್ನು ಯಾರಾದರೂ ಒಪ್ಪಿಗೆ ಕೇಳಿದ್ದರೇ ಎಂಬ ಪ್ರಶ್ನೆ ಜಗತ್ತಿನ ದೊಡ್ಡ ಮ್ಯೂಸಿಯಂಗಳನ್ನೂ ಕಾಡಿದೆ. ಏಳೂವರೆ ಅಡಿಗೂ ಎತ್ತರವಿದ್ದ ಐರ್ಲೆಂಡಿನ ಚಾರ್ಲ್ಸ್ ಬೈರ್ನ್ ತನ್ನ ಹೆಣವನ್ನು ಸಮುದ್ರಕ್ಕೆ ಹಾಕಿ ಎಂದು ಬೇಡಿಕೊಂಡು 1783ರಲ್ಲಿ ಸತ್ತ. ಶಸ್ತ್ರವೈದ್ಯ ಜಾನ್ ಹಂಟರ್ ಹೆಣವನ್ನು ದುಡ್ಡು ಕೊಟ್ಟು ತರಿಸಿಕೊಂಡ. ಅಸ್ಥಿಪಂಜರ ಲಂಡನ್ನಿನಲ್ಲಿ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಪ್ರದರ್ಶನಕ್ಕಿತ್ತು. 2023ರಲ್ಲಿ ಹಂಟೇರಿಯನ್ ಮ್ಯೂಸಿಯಂ ಮತ್ತೆ ಬಾಗಿಲು ತೆರೆದಾಗ ಅದನ್ನು ಪ್ರದರ್ಶನದಿಂದ ತೆಗೆದಿದ್ದರು. ಇದಕ್ಕೆ ತದ್ವಿರುದ್ಧವಾದದ್ದು ನಮ್ಮ ಬೆಳಗಾವಿಯಲ್ಲಿ ನಡೆಯಿತು. ಡಾ. ಮಹಾಂತೇಶ ರಾಮಣ್ಣವರ ತಮ್ಮ ತಂದೆಯ ಕೊನೆಯ ಆಸೆಯಂತೆ, ತಂದೆ ದಾನ ಮಾಡಿದ ದೇಹವನ್ನು 2010ರಲ್ಲಿ ವಿದ್ಯಾರ್ಥಿಗಳ ಮುಂದೆ ತಾವೇ ವಿಚ್ಛೇದಿಸಿ ಪಾಠ ಮಾಡಿದರು. ಒಬ್ಬ ಬೇಡವೆಂದ, ಒಬ್ಬರು ಬೇಕೆಂದರು. ಹುಟ್ಟುವ ಮೊದಲೇ ಮುಗಿದುಹೋದ ಕೂಸು ಎರಡನ್ನೂ ಹೇಳಲಾರದು. ಅದರ ಪರವಾಗಿ ಮಾತಾಡಬಹುದಾದವಳು ತಾಯಿ ಒಬ್ಬಳೇ. ಅವಳನ್ನು ಊರು ಸಾಮಾನ್ಯವಾಗಿ ಮಾತಾಡಿಸುವುದು ಒಂದೇ ಕಾರಣಕ್ಕೆ, ತಪ್ಪು ಹೊರಿಸಲು.

ಗ್ರಹಣದ ಹೊತ್ತಿನಲ್ಲಿ ಹೊರಗೆ ಓಡಾಡಿದಳು, ಅದಕ್ಕೇ ಕೂಸಿನ ತುಟಿ ಸೀಳಿದೆ; ಬಸುರಿಯಾಗಿ ಈಳಿಗೆಮಣೆ ಮುಟ್ಟಿದಳು; ಯಾವ ಜನ್ಮದ ಕರ್ಮವೋ. ಹರಿಹರದ ಹೊಳೆದಂಡೆಯಲ್ಲಿ ಬಟ್ಟೆ ಒಗೆಯುತ್ತ ಹೆಂಗಸರು ಆಡುತ್ತಿದ್ದ ಈ ಮಾತುಗಳನ್ನು ನಾನು ಕೇಳಿದ್ದೇನೆ. ದೊಡ್ಡಮ್ಮನೂ ಆಡಿದ್ದಾರೆ. ಆ ಕಪಾಟಿನ ಮುಂದೆ ನಿಂತು ಅವರು ಹೇಳಿದ್ದು: ‘ಇಷ್ಟೊಂದು ಅದಾವಲ್ಲೋ. ಎಲ್ಲಾ ತಾಯೇರೂ ಗ್ರಹಣದಾಗ ಹೊರಗ ಹೋಗಿದ್ರಾ?’ ಒಂದೇ ಒಂದು ಮನೆಯಲ್ಲಾದರೆ ಶಾಪವೆನಿಸುವುದು ಸಾಲಾಗಿ ಜೋಡಿಸಿಟ್ಟಾಗ ಶಾಪವಾಗಿ ಉಳಿಯುವುದಿಲ್ಲ. ಅಲ್ಲಿ ಒಂದು ಕ್ರಮ ಕಾಣುತ್ತದೆ, ಕ್ರಮವಿದ್ದಲ್ಲಿ ಕಾರಣ ಹುಡುಕಬಹುದು. ಮ್ಯೂಸಿಯಂ ಇರಲಿ ಎಂದು ನಾನು ಹೇಳುವುದು ಈ ಒಂದಕ್ಕಾಗಿ.

ತಲೆಯಿಲ್ಲದ ಆ ಮಗುವಿನ ವಿಷಯದಲ್ಲಂತೂ ಕಾರಣ ಹುಡುಕಿಯೂ ಆಗಿದೆ. ಗರ್ಭ ಕಟ್ಟಿದ ಮೂರು ನಾಲ್ಕನೇ ವಾರದಲ್ಲಿ ಭ್ರೂಣದ ಬೆನ್ನಿನ ಮೇಲಿನ ಚಪ್ಪಟೆ ಪದರ ಮಡಚಿಕೊಂಡು ಕೊಳವೆಯಾಗುತ್ತದೆ. ಮುಂದೆ ಅದೇ ಮಿದುಳು, ಬೆನ್ನುಹುರಿ. 28 ದಿನದೊಳಗೆ ಈ ಕೊಳವೆ ಮುಚ್ಚಿಕೊಳ್ಳಬೇಕು. ಮೇಲ್ತುದಿ ಮುಚ್ಚದಿದ್ದರೆ ಮಿದುಳು, ತಲೆಬುರುಡೆ ಬೆಳೆಯುವುದಿಲ್ಲ, ಕೆಳಗೆ ಮುಚ್ಚದಿದ್ದರೆ ಮಗು ಬೆನ್ನ ಮೇಲೆ ಗಂಟು ಹೊತ್ತು ಹುಟ್ಟುತ್ತದೆ. 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಏಳು ದೇಶಗಳ 33 ಕೇಂದ್ರಗಳಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಹಿಂದೆ ಇಂಥ ಮಗು ಹೆತ್ತಿದ್ದ ತಾಯಂದಿರು ಬಸುರಿಗೆ ಮೊದಲಿನಿಂದಲೇ ಫೋಲಿಕ್ ಆಮ್ಲ ತೆಗೆದುಕೊಂಡಾಗ ಈ ದೋಷ ಮರುಕಳಿಸುವುದು ಶೇ 72ರಷ್ಟು ತಗ್ಗಿತ್ತು. ಫೋಲಿಕ್ ಆಮ್ಲ ಎಂದರೆ ಸೊಪ್ಪು, ಕಾಳುಗಳಲ್ಲಿರುವ ಬಿ ಗುಂಪಿನ ಒಂದು ವಿಟಮಿನ್, ಮಾತ್ರೆಯಾಗಿ ಅಗ್ಗಕ್ಕೆ ಸಿಗುವಂಥದ್ದು.

ತೊಡಕಿರುವುದು ಆ 28 ದಿನದಲ್ಲಿ. ಅಷ್ಟು ಹೊತ್ತಿಗೆ ಮುಟ್ಟು ತಪ್ಪಿ ಎರಡು ವಾರವಾಗಿರುತ್ತದೆ ಅಷ್ಟೇ. ಹಳ್ಳಿಯ ಸೊಸೆ ಅತ್ತೆಗೆ ಹೇಳಿ, ಅತ್ತೆ ಆಶಾ ಕಾರ್ಯಕರ್ತೆಗೆ ಹೇಳಿ, ತಾಯಿ ಕಾರ್ಡು ಮಾಡಿಸಿ ಮಾತ್ರೆ ಕೈಗೆ ಬರುವಷ್ಟರಲ್ಲಿ ಕೊಳವೆ ಮುಚ್ಚುವ ಕಾಲ ಕಳೆದುಹೋಗಿರುತ್ತದೆ. ಆಮೇಲೆ ನುಂಗಿದ ಮಾತ್ರೆ ಅವಳ ರಕ್ತಕ್ಕೆ ಒಳ್ಳೆಯದು, ಈ ದೋಷ ತಡೆಯಲು ತಡ. ಹಾಗೆಂದು ‘ಮಾತ್ರೆ ಯಾಕೆ ನುಂಗಲಿಲ್ಲ’ ಎಂದು ಗ್ರಹಣದ ಜಾಗದಲ್ಲಿ ಮಾತ್ರೆಯನ್ನಿಟ್ಟು ಮತ್ತೆ ಅವಳನ್ನೇ ಹಳಿಯಬಾರದು. ಅವಳಿಗೆ ಯಾರೂ ಹೇಳಿರಲಿಲ್ಲ. ನುಂಗಿದವರಲ್ಲೂ ಒಮ್ಮೊಮ್ಮೆ ಹೀಗಾಗುವುದುಂಟು.

ಹಾಗಾಗಿ ದಾವಣಗೆರೆಯ ಕಾಲೇಜುಗಳಿಗೆ ನನ್ನದೊಂದು ಬೇಡಿಕೆ. ವರ್ಷಕ್ಕೊಮ್ಮೆಯಾದರೂ ಬಾಗಿಲು ತೆರೆಯಿರಿ, ಮೊಬೈಲುಗಳನ್ನು ಹೊರಗೆ ಇಡಿಸಿ, ಮತ್ತು ಆ ಚೀಟಿಯ ಕೆಳಗೆ ಕನ್ನಡದಲ್ಲಿ ಎರಡು ಸಾಲು ಬರೆಸಿ: ಇದು ತಾಯಿಯ ತಪ್ಪಲ್ಲ, ಇದನ್ನು ಬಹುಮಟ್ಟಿಗೆ ತಡೆಯಬಹುದು, ಹೀಗೆ. ಓದುವವರ ಮನೆಯಲ್ಲಿ ಮಗು ಬೇಕೆಂದುಕೊಂಡಿರುವ ಮಗಳೋ ಸೊಸೆಯೋ ಇದ್ದರೆ, ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಬಸುರಿಗೆ ಒಂದು ತಿಂಗಳು ಮುಂಚಿನಿಂದ ಶುರುವಾಗಿ ಮೊದಲ ಮೂರು ತಿಂಗಳು ನಡೆಯಬೇಕು. ಹಿಂದೆ ಇಂಥ ಮಗು ಹುಟ್ಟಿದ್ದರೆ ಪ್ರಮಾಣ ಅದರ ಹತ್ತರಷ್ಟು, ಅದನ್ನು ವೈದ್ಯರೇ ಬರೆದುಕೊಡಬೇಕು. ಮುಟ್ಟು ನಿಂತ ಮೇಲೆ ಕೇಳಿದರಾಯಿತು ಎಂದು ಕಾಯಬೇಡಿ.